ಬ್ಯಾಟರಿಗೆ ನೀರು ಹಾಕಿದ ಪ್ಯಾಂಟ್ ಸ್ಪೆಷಲಿಸ್ಟ್

ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಒಂದು ಸಣ್ಣ ಮಳಿಗೆ ಇದೆ. ಅದರ ಬೋರ್ಡಿನ ಮೇಲೆ ‘ಪ್ಯಾಂಟ್ ಸ್ಪೆಷಲಿಸ್ಟ್’ ಎಂದು ಬರೆದಿದೆ. ಓದಿದವರು, ಒಳಗೆ ಕೂತ ಗುರುಬಸವರಾಜ್ ಎಲ್ಲೋ ಹೋಗಿ ಪ್ಯಾಂಟಿನ ವಿಶೇಷ ವಿದ್ಯೆ ಕಲಿತು ಬಂದಿದ್ದಾನೆ ಎಂದುಕೊಳ್ಳುತ್ತಾರೆ. ಕೇಳಿದರೆ ಅವನೇ ನಿಜ ಹೇಳಿಬಿಡುತ್ತಾನೆ. ಶರ್ಟಿನ ಎರಡು ತೋಳು ಒಂದೇ ಸಮ ಕೂರಿಸುವುದು ಅವನ ಕೈಗೆ ಎಂದೂ ಹತ್ತಲಿಲ್ಲ. ಕಾಲರ್ ಒಂದು ಕಡೆ ಎದ್ದರೆ ಇನ್ನೊಂದು ಕಡೆ ಮಲಗುತ್ತಿತ್ತು. ಹಾಗಾಗಿ ಸೊಂಟದಿಂದ ಕೆಳಗೆ ಮಾತ್ರ ತನ್ನ ಸರಹದ್ದು ಎಂದು ತೀರ್ಮಾನಿಸಿ, ಬರದ ವಿದ್ಯೆಯನ್ನು ಬೋರ್ಡಿನ ಮೇಲೆ ಬರುವ ವಿದ್ಯೆಯಾಗಿ ಬರೆಸಿದ.

ಆದರೂ ಪ್ಯಾಂಟಿನ ಮಟ್ಟಿಗೆ ಅವನನ್ನು ಅಲ್ಲಗಳೆಯುವವರು ನ್ಯಾಮತಿಯಲ್ಲಿ ಇಲ್ಲ. ಸುತ್ತಲಿನ ಹಳ್ಳಿಗಳ ಮದುಮಕ್ಕಳು, ನಿವೃತ್ತಿಯ ದಿನ ಚೆಂದ ಕಾಣಬೇಕೆನ್ನುವ ಮೇಷ್ಟ್ರುಗಳು, ರೆಡಿಮೇಡ್ ಅಂಗಡಿಯಲ್ಲಿ ಯಾವುದೂ ಸೊಂಟಕ್ಕೆ ಹತ್ತದೆ ಸೋತು ಬಂದ ಹೊಟ್ಟೆಯವರು ಎಲ್ಲರೂ ಅವನ ಗಿರಾಕಿಗಳು. ಅವನಿಗೆ ಇದ್ದ ತೊಂದರೆ ಬೇರೆ. ಪ್ರಪಂಚದಲ್ಲಿ ಕೂಡಿಸಿದ್ದು ಏನೇ ಇರಲಿ, ಅದರ ಹೊಲಿಗೆ ಎಲ್ಲಿದೆ ಎಂದು ಗೊತ್ತಾದರೆ ಬಿಚ್ಚಬಹುದು, ಬಿಚ್ಚಿದ್ದನ್ನು ಮತ್ತೆ ಕೂಡಿಸಬಹುದು ಎಂದು ಅವನು ಗಟ್ಟಿಯಾಗಿ ನಂಬಿದ್ದ. ಈ ನಂಬಿಕೆಗೆ ಮನೆಯ ಗೋಡೆ ಗಡಿಯಾರ ಬಲಿಯಾಯಿತು. ಮಿಕ್ಸಿ ಬಲಿಯಾಯಿತು. ಹೆಂಡತಿ ಸಂಧ್ಯಾರಾಣಿಯ ತವರಿನವರು ಕೊಟ್ಟ ಮಡಿಚುವ ಛತ್ರಿ, ಅವನು ಸರಿಮಾಡಿದ ಮೇಲೆ ಬಿಚ್ಚಿಕೊಳ್ಳುವುದನ್ನು ಮಾತ್ರ ನೆನಪಿಟ್ಟುಕೊಂಡು ಮಡಿಚಿಕೊಳ್ಳುವುದನ್ನು ಮರೆಯಿತು. ಆಕೆ ಅದನ್ನು ತೆರೆದ ಹಾಗೆಯೇ ಅಟ್ಟದ ಮೇಲೆ ಇಟ್ಟಿದ್ದಾಳೆ.

ಅವನ ಬೈಕು ಹಳೆಯದು. ಚನ್ನಗಿರಿಯ ಅಡಿಕೆ ವ್ಯಾಪಾರಿ ಕಲ್ಲೇಶಪ್ಪನವರು ಕಾರು ಕೊಂಡಾಗ ಅವರಿಂದ ತಂದದ್ದು. ಕಿಕ್ ಹೊಡೆದರೆ ಮಾತ್ರ ಎದ್ದೇಳುವ, ಗುಂಡಿ ಒತ್ತಿ ಎಬ್ಬಿಸುವ ಸೌಕರ್ಯ ಇನ್ನೂ ಬರದಿದ್ದ ಕಾಲದ ಗಾಡಿ. ಬ್ಯಾಟರಿ ಸತ್ತರೂ ಅದು ಓಡುತ್ತದೆ, ಹಾರನ್ನು ಮತ್ತು ಇಂಡಿಕೇಟರು ಮಾತ್ರ ನಿಲ್ಲುತ್ತವೆ. ಅವನ ಬೈಕಿನ ಹಾರನ್ನಿಗೆ ಮೊದಲು ನೆಗಡಿಯಾದ ಆಡಿನ ದನಿ ಬಂತು, ಆಮೇಲೆ ಗುಂಡಿ ಒತ್ತಿದರೆ ಒಳಗೆಲ್ಲೋ ಯಾರೋ ನಿಟ್ಟುಸಿರು ಬಿಟ್ಟಂತೆ ಆಯಿತು, ಕೊನೆಗೆ ಅದೂ ಇಲ್ಲ. ಗುರುಬಸವರಾಜ್ ಅದನ್ನು ರಿಪೇರಿ ಮಾಡಿಸುವ ಬದಲು ತಾನೇ ಹಾರನ್ ಆದ. ಸಂತೆಯ ದಿನ ಜನರ ನಡುವೆ ‘ಹೋಯ್, ಹೋಯ್’ ಎಂದು ಕೂಗುತ್ತ ಹೋಗುತ್ತಿದ್ದ. ಪರಿಚಯದವರು ತಮ್ಮನ್ನೇ ಕರೆದನೆಂದು ನಿಂತು, ಏನು ಸಮಾಚಾರ ಎಂದು ಕೇಳುತ್ತಿದ್ದರು. ಜನ ದಾರಿ ಬಿಡುವುದಕ್ಕಿಂತ ದಾರಿಗೆ ಅಡ್ಡ ಬರುವುದೇ ಹೆಚ್ಚಾಯಿತು.

ಬ್ಯಾಟರಿ ಒಣಗಿದೆ, ಅದಕ್ಕೆ ನೀರು ಹಾಕಬೇಕು, ಗಾಡಿ ಬಿಟ್ಟು ಹೋಗು ಎಂದು ಮೆಕ್ಯಾನಿಕ್ ಹೇಳಿದ್ದ. ನೀರು ಹಾಕುವುದಕ್ಕೆ ಮೆಕ್ಯಾನಿಕ್ ಯಾಕೆ ಎಂದು ಗುರುಬಸವರಾಜ್ ಇನ್ವರ್ಟರ್ ಅಂಗಡಿಯಿಂದ ಬ್ಯಾಟರಿ ನೀರಿನ ಬಾಟಲಿ ಕೊಂಡು ತಂದು ಮನೆಯ ಜಗಲಿಯ ಮೇಲೆ ಇಟ್ಟ. ಅದು ಅಲ್ಲೇ ಇತ್ತು. ದಿನಾ ಅದನ್ನು ನೋಡುತ್ತಿದ್ದ. ಅರ್ಧ ಕೆಲಸ ಆದಂತೆ ಅವನಿಗೆ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಜಗಳೂರಿನಿಂದ ಪುಷ್ಪಾ ಫೋನ್ ಮಾಡಿದಳು. ಪುಷ್ಪಾ ಕೆಲವು ವರ್ಷ ನ್ಯಾಮತಿಯ ಅಕ್ಕನ ಮನೆಯಲ್ಲಿ ಇದ್ದಾಗ ಇವನ ಅಂಗಡಿಯಲ್ಲಿ ಕಾಜ ಗುಂಡಿ ಮಾಡುತ್ತ, ನೋಡುತ್ತ ನೋಡುತ್ತಲೇ ಪ್ಯಾಂಟು ಕತ್ತರಿಸುವುದನ್ನು ಕಲಿತವಳು. ಈಗ ತನ್ನೂರಿನ ಹೆಂಗಸರನ್ನು ಸೇರಿಸಿಕೊಂಡು ಒಂದು ಹೊಲಿಗೆ ಕೇಂದ್ರ ನಡೆಸುತ್ತಿದ್ದಳು. ಎಲ್ಲರಿಗೂ ಬ್ಲೌಸು, ಲಂಗ ಚೆನ್ನಾಗಿ ಬರುತ್ತದೆ, ಪ್ಯಾಂಟೆಂದರೆ ಮಾತ್ರ ಹಿಂದೆ ಸರಿಯುತ್ತಾರೆ, ನೀವೇ ಬಂದು ಒಂದು ದಿನ ಹೇಳಿಕೊಡಬೇಕು, ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ ಎಂದಳು. ಗುರುಬಸವರಾಜ್‌ಗೆ ಜೀವಮಾನದಲ್ಲಿ ಯಾರೂ ಮೇಷ್ಟ್ರಾಗಿ ಬಾ ಎಂದು ಕರೆದಿರಲಿಲ್ಲ. ಆ ವಾರ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ತನಗೇ ಒಂದು ಪ್ಯಾಂಟು ಹೊಲಿದುಕೊಂಡ. ಗಂಧದ ಬಣ್ಣದ ಶುದ್ಧ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಕಂಡರೆ ಅವನಿಗೆ ಆಗದು. ದಾರ ಮಾತ್ರ ಪಾಲಿಯೆಸ್ಟರಿನದು, ಗಟ್ಟಿ ಇರಲಿ ಎಂದು.

ಹೊರಡುವ ಬೆಳಿಗ್ಗೆ ಸಂಧ್ಯಾರಾಣಿ ಬುತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದವಳು ಒಂದೇ ಮಾತು ಹೇಳಿದಳು.

“ಹಾರನ್ ಇಲ್ದೆ ನಾನು ಆ ಗಾಡಿ ಮೇಲೆ ಕೂರಲ್ಲರೀ. ದಾವಣಗೆರೆ ರೋಡಿನಾಗೆ ಲಾರಿ ಮುಂದೆ ನೀವು ಹೋಯ್ ಅಂತ ಕೂಗಿದ್ರೆ ಯಾರಿಗೆ ಕೇಳ್ತೈತೆ?”

ಎರಡೇ ನಿಮಿಷದ ಕೆಲಸ ಎಂದ ಗುರುಬಸವರಾಜ್. ಹೊಸ ಪ್ಯಾಂಟು ಆಗಲೇ ಹಾಕಿಕೊಂಡಿದ್ದ. ಪಂಚೆ ಉಟ್ಟುಕೊಂಡು ಮಾಡಿ ಎಂದು ಆಕೆ ಹೇಳಿದ್ದಕ್ಕೆ, ನೀರು ಹಾಕುವುದಕ್ಕೆಲ್ಲ ಯಾರು ಬಟ್ಟೆ ಬದಲಿಸುತ್ತಾರೆ ಎಂದ. ಈ ಮಾತನ್ನು ಅವನು ಈಗಲೂ ಕಥೆ ಹೇಳುವಾಗ ಬಿಡದೆ ಹೇಳುತ್ತಾನೆ, ಬಿಟ್ಟರೆ ಸಂಧ್ಯಾರಾಣಿ ಒಳಗಿನಿಂದ ಸೇರಿಸುತ್ತಾಳೆ.

ಸೀಟಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಪ್ಲಾಸ್ಟಿಕ್ ಮುಚ್ಚಳ. ಬ್ಯಾಟರಿ ಯಾವ ಕಡೆ ಎಂದು ಗೊತ್ತಿರಲಿಲ್ಲ. ಎಡಗಡೆಯದಕ್ಕೆ ತಿರುಪು ಕಾಣುತ್ತಿದ್ದುದರಿಂದ ಅದೇ ಇರಬೇಕೆಂದು ನಾಣ್ಯ ಇಟ್ಟು ತಿರುಗಿಸಿದ. ಒಳಗೆ ಕಲ್ಲೇಶಪ್ಪನವರ ಕಾಲದ ಪಾನಾ ಚೀಲ, ಒಂದಿಷ್ಟು ಅಡಿಕೆ ಹೋಳು ಮತ್ತು ಹಲ್ಲಿಯ ಮೊಟ್ಟೆ ಇದ್ದವು. ಬ್ಯಾಟರಿ ಇರಲಿಲ್ಲ. ಬಲಗಡೆಗೆ ಬಂದರೆ ಅಲ್ಲಿ ತಿರುಪೇ ಇಲ್ಲ. ಸುತ್ತ ಬೆರಳಾಡಿಸಿ, ಮಂಡಿಯೂರಿ, ಕೆಳಗಿನಿಂದ ಬಗ್ಗಿ ನೋಡಿ, ಹೊಲಿಗೆ ಎಲ್ಲಿದೆ ಎಂದು ಹುಡುಕಿದ. ಅದು ಹೊಲಿದದ್ದಲ್ಲ, ಒತ್ತುಗುಂಡಿ ಹಾಕಿದ್ದು ಎಂದು ಹೊಳೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಎಳೆದ. ಬಂತು. ಅದರ ಹಿಂದಿನ ಒಂದು ಗೂಟ ಮಾತ್ರ ಪಟ್ಟೆಂದು ಮುರಿದು ರಬ್ಬರಿನೊಳಗೇ ಉಳಿಯಿತು.

ಒಳಗೆ ಬ್ಯಾಟರಿ ಇತ್ತು. ಇದ್ದುದೇನೋ ನಿಜ, ಆದರೆ ಅದನ್ನು ಅಲ್ಲಿಟ್ಟವನಿಗೆ ಮತ್ತೆ ತೆಗೆಯುವ ಯೋಚನೆ ಬಂದಂತೆ ಕಾಣಲಿಲ್ಲ. ಮುಂದೆ ಒಂದು ಕಬ್ಬಿಣದ ಪೈಪು ಅಡ್ಡ. ಮೇಲೆ ರಬ್ಬರ್ ಪಟ್ಟಿ. ಕೆಳಗೆ ತುಕ್ಕು ಹಿಡಿದ ಬೋಲ್ಟು. ನೀರಿನ ಮಟ್ಟ ತೋರಿಸುವ ಗೆರೆಗಳು ಒಳಮೈಗೆ ತಿರುಗಿದ್ದವು, ನೋಡಬೇಕಾದರೆ ಬ್ಯಾಟರಿ ಹೊರಗೆ ಬರಬೇಕು. ಬ್ಯಾಟರಿ ಹೊರಗೆ ಬರಬೇಕಾದರೆ ವೈರು ಬಿಚ್ಚಬೇಕು. ವೈರು ಬಿಚ್ಚಲು ಪಾನಾ ಆಡಬೇಕಾದರೆ ಬ್ಯಾಟರಿ ಹೊರಗೆ ಬರಬೇಕು. ಗುರುಬಸವರಾಜ್ ಕುಕ್ಕರಗಾಲಲ್ಲಿ ಕೂತು ಇದನ್ನು ಯೋಚಿಸಿದ. ಜೇಬಿನೊಳಗೆ ಕೂತು ಪ್ಯಾಂಟು ಹೊಲಿ ಎಂದಂತಾಗಿತ್ತು.

ಸಂಧ್ಯಾರಾಣಿ ಬುತ್ತಿಯನ್ನು ಜಗಲಿಯ ಮೇಲಿಟ್ಟು ತಾನೂ ಕೂತಳು. ಬಸ್ಸು ಹೋಗುವ ರಸ್ತೆಯ ಕಡೆ ನೋಡತೊಡಗಿದಳು. ಅದು ಅವನಿಗೆ ಹೆಚ್ಚು ಕಷ್ಟವಾಯಿತು.

ಅವನು ಅಂಗಡಿಯ ಟ್ರಯಲ್ ಕೋಣೆಗೆಂದು ತಂದು ಮನೆಯಲ್ಲಿಟ್ಟಿದ್ದ ಸಣ್ಣ ಕನ್ನಡಿಯನ್ನು ತಂದು ಸೈಲೆನ್ಸರಿಗೆ ಒರಗಿಸಿದ. ಅದರಲ್ಲಿ ವೈರುಗಳು ಕಂಡವು, ಎಡ ಬಲವಾಗಿ ಬಲ ಎಡವಾಗಿ. ಕಪ್ಪು ವೈರಿನ ಬೋಲ್ಟು ದೂರ, ಕೆಂಪಿನದು ಹತ್ತಿರ. ಹತ್ತಿರ ಇರುವುದನ್ನೇ ಮೊದಲು ಬಿಚ್ಚೋಣ ಎಂದು ಕೆಂಪಿಗೆ ಪಾನಾ ಹಾಕಿದ. ಪಾನಾದ ಬಾಲ ಆ ಅಡ್ಡ ಪೈಪಿಗೆ ತಾಗಿತು. ಚಟ್ಟೆಂದು ಕಿಡಿ ಹಾರಿತು. ನೀರಿಲ್ಲದೆ ಒಣಗಿ ಸತ್ತಿದೆ ಎಂದುಕೊಂಡ ಬ್ಯಾಟರಿಯಲ್ಲಿ ಅಷ್ಟು ಜೀವ ಉಳಿದಿತ್ತು. ಬೆಚ್ಚಿ ಅವನು ಕೈ ಹಿಂದೆಳೆದುಕೊಂಡ ರಭಸಕ್ಕೆ, ಇಷ್ಟು ಹೊತ್ತು ಅಲ್ಲಾಡದಿದ್ದ ಬ್ಯಾಟರಿ ಪಟ್ಟಿ, ವೈರು ಸಮೇತ ಹೊರಬಂದು, ಅವನ ತೊಡೆಯ ಮೇಲೆ ಕೂಸಿನಂತೆ ಅಡ್ಡ ಮಲಗಿತು. ಅದರ ಪಕ್ಕದ ಸಣ್ಣ ರಬ್ಬರ್ ಪೈಪು ಕಳಚಿಕೊಂಡು, ಏನೋ ಒಂದಿಷ್ಟು ತಣ್ಣಗೆ ತೊಡೆಯ ಮೇಲೆ ಚೆಲ್ಲಿತು.

“ಏನದು?” ಎಂದಳು ಸಂಧ್ಯಾರಾಣಿ.

“ನೀರು,” ಎಂದ ಗುರುಬಸವರಾಜ್.

ಕತ್ತರಿಸಿ ಉಳಿದ ಬಟ್ಟೆ ತುಂಡಿನಿಂದ ತೊಡೆ ಒರೆಸಿಕೊಂಡ. ಬ್ಯಾಟರಿ ಹೇಗೂ ಹೊರಗೆ ಬಂದಿತ್ತು. ಬಿರಡೆ ತೆಗೆದು ನೀರು ಹಾಕಿದ. ಮೇಲಿನ ಗೆರೆ ಮುಟ್ಟಿದಾಗ ನಿಲ್ಲಿಸಬೇಕೆಂದು ಬ್ಯಾಟರಿಯ ಮೇಲೆಯೇ ಗುರುತಿತ್ತು. ಆದರೆ ಪ್ಯಾಂಟಿನ ಒಳಗೆ ಸ್ವಲ್ಪ ಹೆಚ್ಚು ಬಟ್ಟೆ ಬಿಟ್ಟು ಹೊಲಿದರೆ ಮುಂದೆ ಗಿರಾಕಿ ದಪ್ಪಗಾದಾಗ ಅನುಕೂಲವಾಗುತ್ತದೆ ಎನ್ನುವುದು ಅವನ ಕಸುಬಿನ ಬುದ್ಧಿ. ಅದೇ ಬುದ್ಧಿಯಿಂದ ಬಾಟಲಿ ಖಾಲಿಯಾಗುವ ತನಕ ತುಂಬಿದ. ಎಲ್ಲವನ್ನೂ ಒಳಗೆ ತುರುಕಿ, ಮುರಿದ ಮುಚ್ಚಳವನ್ನು ದಾರದಿಂದ ಕಟ್ಟಿದ. ಕೊನೆಗೆ ಕೈಯಲ್ಲಿ ಆ ಸಣ್ಣ ರಬ್ಬರ್ ಪೈಪು ಉಳಿಯಿತು. ಅದು ಎಲ್ಲಿಂದ ಬಂತೆಂದು ನೆನಪಾಗಲಿಲ್ಲ. ಮಿಕ್ಸಿಯನ್ನು ಮುಚ್ಚಿದಾಗಲೂ ಏನೋ ಒಂದು ಉಳಿದಿತ್ತು, ಏನೂ ತೊಂದರೆಯಾಗಿರಲಿಲ್ಲ ಎಂದುಕೊಂಡು ಅದನ್ನು ಜೇಬಿಗೆ ಹಾಕಿಕೊಂಡ. ಮಿಕ್ಸಿ ಆಮೇಲೆ ತಿರುಗಲೇ ಇಲ್ಲ ಎನ್ನುವುದನ್ನು ಆ ಹೊತ್ತಿಗೆ ಅವನು ನೆನೆಯಲಿಲ್ಲ.

ಕಿಕ್ ಹೊಡೆದು ಹಾರನ್ ಒತ್ತಿದ. ಬಂತು. ಸಣ್ಣಗೆ, ಆದರೂ ಬಂತು. ಹೊನ್ನಾಳಿ ಸೇತುವೆ ದಾಟುವಷ್ಟರಲ್ಲಿ ದನಿ ಬಲಿತು ದೊಡ್ಡದಾಯಿತು. ಅಲ್ಲಿಂದ ಮುಂದೆ ಗುರುಬಸವರಾಜ್ ಎದುರು ಬಂದವರಿಗೆಲ್ಲ, ಬರದವರಿಗೂ ಹಾರನ್ ಹೊಡೆದ. ರಸ್ತೆ ಬದಿಯಲ್ಲಿ ಮೆಕ್ಕೆಜೋಳ ಒಣಗಿಸುತ್ತಿದ್ದವರು ತಲೆ ಎತ್ತಿ ನೋಡಿದರು. ದಾರಿಯುದ್ದಕ್ಕೂ ಬಲ ತೊಡೆ ಯಾಕೋ ಕಡಿಯುತ್ತಿತ್ತು. ಒಂದು ಕೈಯಲ್ಲಿ ಗಾಡಿ ಹಿಡಿದು ಇನ್ನೊಂದು ಕೈಯಲ್ಲಿ ಕೆರೆದುಕೊಂಡ. ಹೊಸ ಬಟ್ಟೆಯ ಗಂಜಿ ಇರಬೇಕು ಎಂದ. ಹಿಂದೆ ಕೂತವಳು ಏನೋ ಹುಳಿ ವಾಸನೆ ಬರುತ್ತಿದೆ ಎಂದು ಬುತ್ತಿಯ ಚಿತ್ರಾನ್ನವನ್ನು ಅನುಮಾನಿಸಿದಳು.

ಜಗಳೂರಿನಲ್ಲಿ ಪುಷ್ಪಾಳ ಹೊಲಿಗೆ ಕೇಂದ್ರ ಒಂದು ಉದ್ದನೆಯ ಹಾಲ್. ಗೋಡೆಗುಂಟ ಮಿಷನ್ನುಗಳು, ನಡುವೆ ಜಮಖಾನ. ಹೆಂಗಸರು ಸೆರಗು ಹೊದ್ದು ಸಾಲಾಗಿ ಕೂತಿದ್ದರು. ಎಲ್ಲರ ಮುಂದೆ ದುರುಗಕ್ಕ ಎಂಬ ಹಿರಿಯ ಹೆಂಗಸು. ಸುತ್ತಲಿನ ಹಳ್ಳಿಗಳ ಅರ್ಧ ಬ್ಲೌಸುಗಳು ಆಕೆಯ ಕೈಯಿಂದಲೇ ಹೋಗುತ್ತವೆ ಎಂದು ಪುಷ್ಪಾ ಪರಿಚಯ ಮಾಡಿಕೊಟ್ಟಳು. ದುರುಗಕ್ಕ ನಮಸ್ಕಾರ ಮಾಡಿ, ಗುರುಬಸವರಾಜ್‌ನ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದಳು. ಕಸುಬಿನವರ ನೋಟ ಅದು. ಅವನಿಗೆ ಹೆಮ್ಮೆಯಾಯಿತು.

ಮಾತಾಡಲು ನಿಂತವನಿಗೆ ಮಾತು ಸರಾಗವಾಗಿ ಬಂತು. ಬಟ್ಟೆ ಅಂದರೆ ಹತ್ತಿಯೇ ಬಟ್ಟೆ ಎಂದ. ಮನುಷ್ಯ ಕೂತಾಗ ಎಲ್ಲಿ ಜಗ್ಗುತ್ತದೆ, ಎದ್ದಾಗ ಎಲ್ಲಿ ಸುಕ್ಕಾಗುತ್ತದೆ ಎಂದು ವಿವರಿಸಿದ. ಪ್ಯಾಂಟು ಹರಿಯುವುದು ಯಾವಾಗಲೂ ಹೊಲಿಗೆಯಲ್ಲೇ, ಬಟ್ಟೆ ಎಂದೂ ಮೋಸ ಮಾಡುವುದಿಲ್ಲ, ತಪ್ಪೆಲ್ಲ ಹೊಲಿದವನದು ಎಂದ. ಹೆಂಗಸರು ಗಂಭೀರವಾಗಿ ತಲೆಯಾಡಿಸಿದರು. ಉದಾಹರಣೆಗೆ ದೂರ ಹೋಗುವುದು ಬೇಡ, ನನ್ನ ಪ್ಯಾಂಟನ್ನೇ ನೋಡಿ, ಜೇಬು ಹೇಗೆ ಕೂರಿಸಿದ್ದೇನೆ ನೋಡಿ ಎಂದು ಬಲಗೈಯನ್ನು ಜೇಬಿಗೆ ಇಳಿಬಿಟ್ಟ.

ಕೈ ಜೇಬಿನಲ್ಲಿ ನಿಲ್ಲಲಿಲ್ಲ. ಜೇಬಿನ ತಳ ಹಾಯ್ದು, ತೊಡೆಯ ಬಟ್ಟೆ ಹಾಯ್ದು, ಬೆರಳುಗಳು ಮಂಡಿಯ ಮೇಲ್ಗಡೆ ಹೊರಗೆ ಬಂದು ಸಭೆಯನ್ನು ನೋಡಿದವು. ಅವುಗಳ ಜೊತೆಗೆ ರಬ್ಬರ್ ಪೈಪು ಕೆಳಗೆ ಬಿದ್ದು, ಸ್ವಲ್ಪ ಉರುಳಿ, ದುರುಗಕ್ಕನ ಮುಂದೆ ನಿಂತಿತು.

ಅವನು ಕೈ ಹಿಂದೆಳೆದುಕೊಂಡ. ಹಪ್ಪಳದಂತೆ ಬಟ್ಟೆ ಇನ್ನಷ್ಟು ಉದುರಿತು. ಗಂಧದ ಬಣ್ಣದ ತುಣುಕುಗಳು ಜಮಖಾನದ ಮೇಲೆ ಬಿದ್ದವು. ಉಳಿದದ್ದು ಹೊಲಿಗೆ. ಪಾಲಿಯೆಸ್ಟರ್ ದಾರದ ಜೋಡಿ ಸಾಲುಗಳು ಸೊಂಟದಿಂದ ಮಂಡಿಯ ತನಕ ಒಂದು ಟಾಕವೂ ಬಿಡದೆ, ಬೇಲಿಗೆ ಕಟ್ಟಿದ ತಂತಿಯಂತೆ ನೆಟ್ಟಗೆ ನಿಂತಿದ್ದವು. ಹೊಲಿಗೆಯ ಬಗ್ಗೆ ಅವನು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಹೊಲಿದವನು ಮೋಸ ಮಾಡಿರಲಿಲ್ಲ, ಬಟ್ಟೆ ಮಾಡಿತ್ತು. ಆ ಗಳಿಗೆಯಲ್ಲೂ ಅವನ ತಲೆಗೆ ಮೊದಲು ಹೊಳೆದದ್ದು ತನ್ನ ಹೊಲಿಗೆ ಎಷ್ಟು ಚೆನ್ನಾಗಿದೆ ಎಂಬುದು. ಚಡ್ಡಿ ಕಾಣುತ್ತಿದೆ ಎಂಬುದು ಆಮೇಲೆ ಹೊಳೆಯಿತು.

ದುರುಗಕ್ಕ ಸಾವಕಾಶವಾಗಿ ಕೇಳಿದಳು.

“ಮೇಷ್ಟ್ರೆ, ಇದನ್ನೂ ನಾವು ಕಲೀಬೇಕೇನ್ರಿ?”

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಸೆರಗಿನೊಳಗೆ ಕೆಮ್ಮಿದರು. ಆಮೇಲೆ ಇಡೀ ಹಾಲ್ ನಕ್ಕಿತು. ಸಂಧ್ಯಾರಾಣಿ ನಗಲಿಲ್ಲ. ಆಕೆ ಬುತ್ತಿ ಕಟ್ಟಿದ್ದ ಬಟ್ಟೆ ಬಿಚ್ಚಿಕೊಂಡು ಬಂದು ಗಂಡನ ಸೊಂಟಕ್ಕೆ ಸುತ್ತಿದಳು. ಅದು ಒಂದು ಸುತ್ತೂ ಬರಲಿಲ್ಲ. ಆಗ ಆಕೆಗೂ ನಗು ತಡೆಯಲಾಗಲಿಲ್ಲ.

ಪುಷ್ಪಾ ಕೆಳಗೆ ಬಿದ್ದ ಪೈಪನ್ನು ನೋಡಿದ್ದಳು. ಅವಳ ಅಣ್ಣನಿಗೆ ಟ್ರ್ಯಾಕ್ಟರ್ ಇತ್ತು. ಅವನ ಪ್ಯಾಂಟುಗಳಿಗೆ ತೇಪೆ ಹಾಕಿ ಹಾಕಿ ಅವಳಿಗೆ ಈ ಸಂಗತಿ ಗೊತ್ತಿತ್ತು.

“ಗುರಣ್ಣ, ಬ್ಯಾಟರಿ ಮುಟ್ಟಿದ್ರೇನು? ಒಳಗಿರೋದು ಬರೀ ನೀರಲ್ಲ, ಆಸಿಡ್ ಐತೆ. ಹತ್ತಿ ತಿಂತೈತೆ, ಪಾಲಿಯೆಸ್ಟರ್ ಬಿಡ್ತೈತೆ. ಮೊದಲು ಹೋಗಿ ಕಾಲು ತೊಳಕೊಳ್ರಿ,” ಎಂದಳು.

ಹಿತ್ತಲಿನ ನಲ್ಲಿಯ ಕೆಳಗೆ ಬಹಳ ಹೊತ್ತು ಕಾಲು ಒಡ್ಡಿ ನಿಂತ. ತೊಡೆ ಕೆಂಪಗೆ ಕಂದಿತ್ತು, ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಪುಷ್ಪಾಳ ಅಣ್ಣನ ಲುಂಗಿ ಬಂತು. ಅದನ್ನುಟ್ಟು ನಿಂತಾಗ ಗುರುಬಸವರಾಜ್‌ಗೆ ಅನಿಸಿದ್ದು ಹಾಗೇ ಹಿಂದಿನ ಬಾಗಿಲಿನಿಂದ ನ್ಯಾಮತಿಗೆ ಹೋಗಿಬಿಡೋಣ ಎಂದು. ಆದರೆ ಬೈಕು ಮುಂದಿನ ಬಾಗಿಲಲ್ಲಿ ನಿಂತಿತ್ತು.

ಒಳಗೆ ಬಂದರೆ ದುರುಗಕ್ಕ ಬಟ್ಟೆಯ ಥಾನು ಬಿಚ್ಚಿಕೊಂಡು ಕೂತಿದ್ದಳು. ಅಭ್ಯಾಸಕ್ಕೆಂದು ತಂದ, ಇಟ್ಟಿಗೆ ಬಣ್ಣದ ಲಂಗದ ಬಟ್ಟೆ. ಮೇಷ್ಟ್ರು ಲುಂಗಿಯಲ್ಲಿ ಅಷ್ಟು ದೂರ ಗಾಡಿ ಓಡಿಸಿಕೊಂಡು ಹೋಗುವುದು ಹೇಗೆ, ಪ್ಯಾಂಟು ಕಲಿಯಬೇಕು ಅಂತಲೇ ಕೂತಿದ್ದೇವೆ, ಇವರಿಗೇ ಒಂದು ಹೊಲಿದುಬಿಡೋಣ ಎನ್ನುವುದು ಆಕೆಯ ಮಾತು. ಗಂಡಸಿನ ಅಳತೆ ತೆಗೆಯುವುದು ಹೇಗೆ ಎಂದು ಉಳಿದವರು ಮುಖ ಮುಖ ನೋಡಿಕೊಂಡರು. ಇಷ್ಟು ದಿನ ಅವರು ಪ್ಯಾಂಟಿಗೆ ಹಿಂದೆ ಸರಿಯುತ್ತಿದ್ದುದು ಕತ್ತರಿಸಲು ಬರದೆ ಅಲ್ಲ, ಇದಕ್ಕೇ ಎಂದು ಗುರುಬಸವರಾಜ್‌ಗೆ ಆಗ ಗೊತ್ತಾಯಿತು. ಅವನು ಲುಂಗಿಯಲ್ಲೇ ಸ್ಟೂಲಿನ ಮೇಲೆ ಹತ್ತಿ ನಿಂತ. ಟೇಪನ್ನು ಸಂಧ್ಯಾರಾಣಿಯ ಕೈಗೆ ಕೊಟ್ಟ. ಅವನು ಎಲ್ಲೆಲ್ಲಿ ಹಿಡಿಯಬೇಕೆಂದು ಹೇಳುತ್ತ ಹೋದ, ಆಕೆ ಹಿಡಿದು ಕೂಗಿ ಹೇಳುತ್ತ ಹೋದಳು, ಹೆಂಗಸರು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ ಹೋದರು.

ಸೊಂಟಕ್ಕೆ ಬಂದಾಗ ಅವನು ಮೆಲ್ಲಗೆ ಉಸಿರು ಒಳಗೆಳೆದುಕೊಂಡ. ಸಂಧ್ಯಾರಾಣಿ ಟೇಪು ಹಿಡಿದುಕೊಂಡು ಹಾಗೇ ಕಾದಳು.

“ಬಿಡ್ರಿ ಉಸಿರು. ಎಷ್ಟೊತ್ತು ಅಂತ ಹಿಡಕೊಂತೀರಿ?” ಎಂದಳು.

ಬಿಟ್ಟ. ಟೇಪು ಸಡಿಲಾಯಿತು, ಅಂಕಿ ಬೆಳೆಯಿತು, ಆಕೆ ಅದನ್ನು ಜಗಳೂರಿಗೆಲ್ಲ ಕೇಳುವಂತೆ ಕೂಗಿದಳು. ತನ್ನ ಪ್ಯಾಂಟುಗಳನ್ನು ಅವನು ಇಷ್ಟು ವರ್ಷವೂ ಮದುವೆಯ ಹೊತ್ತಿನ ಅಳತೆಗೇ ಕತ್ತರಿಸಿ, ಗುಂಡಿಯನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಓಡಾಡುತ್ತಿದ್ದ. ಊರಿನ ಸೊಂಟಗಳಿಗೆಲ್ಲ ಸತ್ಯ ಹೇಳುವವನು ತನ್ನದಕ್ಕೆ ಮಾತ್ರ ಸುಳ್ಳು ಹೇಳಿಕೊಂಡಿದ್ದ.

ಆಮೇಲೆ ನಡೆದ ಪಾಠ ಅವನು ತಯಾರಾಗಿ ಬಂದ ಪಾಠಕ್ಕಿಂತ ಎಷ್ಟೋ ಚೆನ್ನಾಗಿತ್ತು. ನಕ್ಕ ಮೇಲೆ ಹೆಂಗಸರಿಗೆ ಸಂಕೋಚ ಹೋಗಿತ್ತು. ತೊಡೆಸಂದಿನ ತಿರುವು ಯಾಕೆ ಹೀಗೆ, ಹಿಂಭಾಗ ಮುಂಭಾಗಕ್ಕಿಂತ ಯಾಕೆ ಅಗಲ, ಎಲ್ಲ ಕೇಳಿದರು. ಎಡಗಾಲನ್ನು ದುರುಗಕ್ಕ ಹೊಲಿದಳು, ಬಲಗಾಲನ್ನು ಇನ್ನಿಬ್ಬರು. ಬ್ಲೌಸಿನವರ ಕೈ ಸೂಕ್ಷ್ಮ. ಅವನಿಗೆ ಎಂದೂ ಹತ್ತದ ತೋಳಿನ ತಿರುವನ್ನು ದಿನಾ ಕೂರಿಸುವವರಿಗೆ ಪ್ಯಾಂಟಿನ ತಿರುವು ಕಷ್ಟವಾಗಲಿಲ್ಲ. ಬಲಗಾಲು ಸ್ವಲ್ಪ ಅಗಲವಾಯಿತು, ಜೇಬು ಬೆರಳಿಡುವಷ್ಟೇ ಆಯಿತು. ಊಟ ಮುಗಿಯುವಷ್ಟರಲ್ಲಿ ಪ್ಯಾಂಟು ಇಸ್ತ್ರಿಯಾಗಿ ಬಂತು.

ಆದರೆ ಅದನ್ನು ಹಾಕಿಕೊಳ್ಳುವ ಮುಂಚೆ ಬ್ಯಾಟರಿಯ ಕೆಲಸ ಇತ್ತು. ಆ ಪೈಪಿಲ್ಲದೆ ಅತ್ತಿಗೆಯನ್ನು ಕೂರಿಸಿಕೊಂಡು ಹೋಗಲು ಬಿಡುವುದಿಲ್ಲ ಎಂದು ಪುಷ್ಪಾ ಹಟ ಹಿಡಿದಳು. ಒಳಗಿನ ಆಸಿಡ್ ಆವಿ, ಹೆಚ್ಚಾದ ನೀರು ಎಲ್ಲ ಆ ಪೈಪಿನಿಂದ ನೆಲಕ್ಕೆ ಹೋಗಬೇಕು, ಇಲ್ಲದಿದ್ದರೆ ಹತ್ತಿರ ಇದ್ದದ್ದನ್ನೆಲ್ಲ ತಿನ್ನುತ್ತದೆ. ಗುರುಬಸವರಾಜ್ ಲುಂಗಿ ಎತ್ತಿ ಕಟ್ಟಿ ಬೈಕಿನ ಮುಂದೆ ಕೂತು, ದಾರ ಬಿಚ್ಚಿ ಮುಚ್ಚಳ ತೆಗೆದ. ಈ ಸಲ ಕಪ್ಪು ವೈರು ಮೊದಲು ಎಂದು ಪುಷ್ಪಾ ಹೇಳಿದ್ದಳು. ಕಪ್ಪನ್ನು ಮೊದಲು ಬಿಚ್ಚಿಟ್ಟರೆ ಆಮೇಲೆ ಪಾನಾ ಎಲ್ಲಿ ತಾಗಿದರೂ ಕಿಡಿ ಬರುವುದಿಲ್ಲವಂತೆ. ಆದರೆ ಕಪ್ಪಿನ ತನಕ ಅವನ ಕೈ ಹೋಗಲಿಲ್ಲ. ಹೀಗೆ ತೂರಿಸಿದ, ಹಾಗೆ ತೂರಿಸಿದ, ಮಣಿಕಟ್ಟು ಪೈಪಿಗೆ ಸಿಕ್ಕಿ ಬಿಡಿಸಿಕೊಳ್ಳುವುದೇ ಒಂದು ಕೆಲಸವಾಯಿತು.

“ಸರೀರಿ,” ಎಂದಳು ಸಂಧ್ಯಾರಾಣಿ. ಬಳೆ ತೆಗೆದು ದುರುಗಕ್ಕನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ ಕೂತಳು. ಆಕೆಯ ತೆಳ್ಳನೆಯ ಕೈ ಆ ಅಡ್ಡ ಪೈಪಿನ ಹಿಂದೆ ಸಲೀಸಾಗಿ ಹೋಯಿತು. ಗುರುಬಸವರಾಜ್ ಕೇಂದ್ರದ ಗೋಡೆಯ ಕನ್ನಡಿ ತಂದು ಬೆಳಕು ಬೀಳುವಂತೆ ಹಿಡಿದ. ಕಪ್ಪು ಬಂತು, ಕೆಂಪು ಬಂತು, ಬ್ಯಾಟರಿ ನೆಟ್ಟಗೇ ಹೊರಗೆ ಬಂತು. ಮೆಡಿಕಲ್ ಅಂಗಡಿಯಿಂದ ತರಿಸಿದ ಸಿರಿಂಜಿನಿಂದ ಹೆಚ್ಚಾದ ನೀರನ್ನು ಗೆರೆಯ ತನಕ ತೆಗೆದರು. ಸೋಡಾ ಪುಡಿ ಕಲಸಿದ ನೀರಿನಿಂದ ಬ್ಯಾಟರಿ ಕೂರುವ ಜಾಗವನ್ನೆಲ್ಲ ತೊಳೆದರು. ಪೈಪನ್ನು ಅದರ ಮೂತಿಗೆ ಸಿಕ್ಕಿಸಿ ಕೆಳಗೆ ಇಳಿಬಿಟ್ಟರು. ಇಷ್ಟರಲ್ಲಿ ಅವನು ಮಾಡಿದ್ದು ಕನ್ನಡಿ ಹಿಡಿದದ್ದು ಒಂದೇ. ಅದನ್ನು ಅಲ್ಲಾಡಿಸದೆ ಹಿಡಿದಿದ್ದೆ ಎಂದು ಅವನು ಈಗಲೂ ಹೇಳಿಕೊಳ್ಳುತ್ತಾನೆ.

ಎಲ್ಲ ಮುಗಿದ ಮೇಲೆ ಇಟ್ಟಿಗೆ ಬಣ್ಣದ ಪ್ಯಾಂಟು ಹಾಕಿಕೊಂಡು ಹೊರಗೆ ಬಂದ. ಹೆಂಗಸರು ಬಾಗಿಲಲ್ಲಿ ನಿಂತು ಪ್ಯಾಂಟನ್ನು ನೋಡಿದರು, ಅವನ ಮುಖವನ್ನಲ್ಲ. ದುರುಗಕ್ಕ ಒಂದು ಸುತ್ತು ತಿರುಗಿ ನಿಲ್ಲಲು ಹೇಳಿದಳು. ತಿರುಗಿದ. ಕೂತು ಎದ್ದು ತೋರಿಸಿದ. ಹೊಟ್ಟೆಯ ಮೇಲೆ ಗುಂಡಿ ಬಿಗಿಯದೆ ಕೂತಿತ್ತು. ಅಷ್ಟು ಹಾಯಾದ ಪ್ಯಾಂಟನ್ನು ಅವನು ತನಗಾಗಿ ಎಂದೂ ಹೊಲಿದುಕೊಂಡಿರಲಿಲ್ಲ. ಅದನ್ನು ಹೇಳಿದ ಕೂಡ. ಬಲಗಾಲು ಅಗಲವಾಗಿದೆ ಎನ್ನುವುದನ್ನೂ ಹೇಳಿದ, ಮೇಷ್ಟ್ರಾಗಿ ಬಂದದ್ದಕ್ಕೆ ಅಷ್ಟಾದರೂ ಇರಲಿ ಎಂದು.

ವಾಪಸು ಬರುವಾಗ ಸಂಜೆ ಹೊನ್ನಾಳಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಆ ಹೋಟೆಲಿನ ಪಕ್ಕದಲ್ಲೇ ಸತೀಶ್ ಕುಮಾರ್‌ನ ರೆಡಿಮೇಡ್ ಬಟ್ಟೆ ಅಂಗಡಿ. ಗುರುಬಸವರಾಜ್‌ನ ಗಿರಾಕಿಗಳಲ್ಲಿ ಎಷ್ಟೋ ಮಂದಿಯನ್ನು ಕಿತ್ತುಕೊಂಡವನು ಅವನೇ. ಇಬ್ಬರೂ ಸಿಕ್ಕಾಗ ನಗುತ್ತ ಮಾತಾಡುತ್ತ ಒಬ್ಬರ ಬಟ್ಟೆಯನ್ನು ಒಬ್ಬರು ಕಣ್ಣಲ್ಲೇ ಬಿಚ್ಚಿ ನೋಡುತ್ತಾರೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಸತೀಶ್ ಕುಮಾರ್ ಕೆಳಗಿಳಿದು ಬಂದ. ಬಣ್ಣ ನೋಡಿದ. ಲಂಗದ ಬಟ್ಟೆ ಎಂದು ಗೊತ್ತಾಗದಷ್ಟು ದಡ್ಡನಲ್ಲ. ಬಣ್ಣದ ಬಗ್ಗೆ ಏನೋ ಹೇಳಲು ಬಾಯಿ ತೆರೆದವನು, ಬಗ್ಗಿ ತಿರುವಿನ ಹೊಲಿಗೆಯನ್ನು ನೋಡತೊಡಗಿದ.

“ಇದು ನಿಮ್ಮ ಕೈ ಅಲ್ಲ ಬಿಡ್ರಿ. ಯಾರು ಹೊಲಿದಿದ್ದು?” ಎಂದ.

ಗುರುಬಸವರಾಜ್ ಚಹಾದ ಲೋಟ ಕೆಳಗಿಟ್ಟ. ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದರೆ ಹೊನ್ನಾಳಿ ತುಂಬ ಕಥೆ ಹರಡುತ್ತದೆ. ಹೇಳದಿದ್ದರೆ ತಾನೇ ಬೇಕೆಂದು ಈ ಬಣ್ಣ ಹೊಲಿಸಿಕೊಂಡಂತಾಗುತ್ತದೆ. ಎರಡರಲ್ಲಿ ಯಾವುದು ಕಡಿಮೆ ಅವಮಾನ ಎಂದು ತೂಗಿ ನೋಡಿದ.

“ಜಗಳೂರಿನಾಗೆ ದುರುಗಕ್ಕ ಅಂತ ಒಬ್ರು ಅದಾರೆ. ಅವರೂ, ಅವರ ಜೊತಿಗಿರೋ ಹೆಣ್ಮಕ್ಕಳೂ. ಇವತ್ತೇ ಮೊದಲ್ನೇ ಪ್ಯಾಂಟು,” ಎಂದ. ಆಮೇಲೆ ಬ್ಯಾಟರಿಯಿಂದ ಹಿಡಿದು ಸ್ಟೂಲಿನ ತನಕ ಎಲ್ಲವನ್ನೂ ಹೇಳಿದ. ಸಂಧ್ಯಾರಾಣಿ ಸೊಂಟದ ಅಂಕಿಯನ್ನು ಸೇರಿಸಿದಳು. ಹೋಟೆಲಿನವನು ಚಹಾ ಸೋಸುವುದನ್ನು ನಿಲ್ಲಿಸಿ ಕೇಳಿದ. ಸತೀಶ್ ಕುಮಾರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿದ ಮೇಲೆ, ಶಾಲೆಗಳು ತೆರೆಯುವ ಮುಂಚೆ ಮಕ್ಕಳ ಸಮವಸ್ತ್ರದ ಪ್ಯಾಂಟು ಹೊಲಿಸಬೇಕಾಗಿದೆ, ಅವರು ಹೊಲಿದುಕೊಡುತ್ತಾರೇನು ಎಂದು ಕೇಳಿದ.

ಅವರು ಹೊಲಿದುಕೊಟ್ಟರು. ಬಟ್ಟೆಯ ಗಂಟನ್ನು ಜಗಳೂರಿಗೆ ಒಯ್ದು ಮೊದಲ ಪ್ಯಾಂಟುಗಳನ್ನು ಪರೀಕ್ಷಿಸಿ ಬರುವ ಕೆಲಸ ಗುರುಬಸವರಾಜ್‌ನ ಪಾಲಿಗೆ ಬಂತು. ಬಲಗಾಲನ್ನು ತಾನೇ ನೋಡಬೇಕು ಎಂದು ಅವನೇ ಹಟ ಹಿಡಿದಿದ್ದ. ಮೊದಲ ಸಲ ಹೊರಟಾಗ ಗಂಟು ದೊಡ್ಡದಾಗಿ ಬೈಕಿನಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯಲಿಲ್ಲ. ದುರುಗಕ್ಕ ಊಟಕ್ಕೆ ಕರೆದಿದ್ದರಿಂದ ಸಂಧ್ಯಾರಾಣಿ ಬಸ್ಸು ಹತ್ತಿದಳು. ಅವನು ದಾರಿಯಲ್ಲಿ ಊರು ಬಂದಲ್ಲೆಲ್ಲ ಗಾಡಿ ನಿಲ್ಲಿಸಿ, ಕೆಳಗೆ ಬಗ್ಗಿ, ಪೈಪು ಇದೆಯೇ ಎಂದು ನೋಡಿಕೊಳ್ಳುತ್ತ, ಪ್ಯಾಂಟನ್ನು ಮುಟ್ಟಿ ನೋಡಿಕೊಳ್ಳುತ್ತ ಜಗಳೂರು ಮುಟ್ಟಿದಾಗ, ಆಕೆ ದುರುಗಕ್ಕನ ಮನೆಯಲ್ಲಿ ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು.